ಒಂದಕ್ಷರವೂ ಬಿಡದ ರಂಗರೂಪ

ಆಮಂತ್ರಣ ಪತ್ರಿಕೆಯಲ್ಲಿ ‘ಮೂಲ ಕಾದಂಬರಿಗೆ ಸಂಪೂರ್ಣ ನಿಷ್ಠವಾದ ರಂಗರೂಪ’ ಎಂಬ ಸಾಲು ನಿರ್ದೇಶಕರ ಹೆಸರಿಗಿಂತ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ತಿಳಿದವರು ಬೇಗ ಹೋಗಿ ಬಾಗಿಲ ಪಕ್ಕದ ಸೀಟು ಹಿಡಿಯುತ್ತಾರೆ.

ಲೆಕ್ಕ ಸರಳ. ಕಾದಂಬರಿಯ ಒಂದು ಪುಟವನ್ನು ಗಟ್ಟಿಯಾಗಿ ಓದಲು ಸುಮಾರು 2 ನಿಮಿಷ ಬೇಕು. 400 ಪುಟಕ್ಕೆ 800 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ನಾಟಕಕ್ಕೆ ಸಿಕ್ಕಿರುವುದು 2 ಗಂಟೆ. ಹಾಗಾಗಿ 340 ಪುಟ ಹೊರಗೆ ನಿಲ್ಲಲೇಬೇಕು. ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ರಂಗಕ್ಕೆ ಬಂದಾಗ ರಾತ್ರಿಯಿಡೀ, ಸುಮಾರು 9 ಗಂಟೆ ನಡೆಯಿತು. ಅಷ್ಟಾದರೂ ಪುಟಪುಟವೂ ಮಾತಾಗಲಿಲ್ಲ. ಈ ಗುಣಾಕಾರ ಆಯೋಜಕರಿಗೆ ಗೊತ್ತಿಲ್ಲವೆಂದಲ್ಲ. ಆದರೆ ‘ಏಳರಲ್ಲಿ ಒಂದು ಪಾಲು ನಿಷ್ಠ’ ಎಂದು ಅಚ್ಚು ಹಾಕಿಸಿದರೆ ಟಿಕೆಟ್ ಹೋಗುವುದಿಲ್ಲ.

ನಿಷ್ಠಾವಂತ ರಂಗರೂಪ ತಯಾರಿಸುವ ವಿಧಾನ ಹೀಗೆ. ಪೆನ್ಸಿಲ್ ಹಿಡಿದು ಉದ್ಧರಣ ಚಿಹ್ನೆಗಳ ಒಳಗಿರುವುದನ್ನೆಲ್ಲ ಗುರುತು ಹಾಕಿ, ಎಡಗಡೆ ಪಾತ್ರದ ಹೆಸರು ಸೇರಿಸಿ ಟೈಪ್ ಮಾಡಿಸಬೇಕು. ಅಷ್ಟೇ. ಫಲಿತಾಂಶ ಹೀಗಿರುತ್ತದೆ: ‘ಬಂದ್ಯಾ?’ ‘ಬಂದೆ.’ ‘ಊಟ?’ ‘ಆಯ್ತು.’ ಕಾದಂಬರಿಯಲ್ಲಿ ಇದೇ ನಾಲ್ಕು ಮಾತು ಓದುಗರ ಗಂಟಲು ಕಟ್ಟಿಸಿತ್ತು. ಏಕೆಂದರೆ ಅವುಗಳ ಸುತ್ತ ಹನ್ನೊಂದು ವರ್ಷದ ಮುನಿಸಿನ ಮೂರು ಪುಟವಿತ್ತು. ಆ ಮೂರು ಪುಟ ಉದ್ಧರಣ ಚಿಹ್ನೆಯ ಹೊರಗೆ ಉಳಿಯಿತು. ರಂಗದ ಮೇಲೆ ಇಬ್ಬರು ಹಾಜರಿ ಹೇಳಿದಂತೆ ಕೇಳಿಸುತ್ತದೆ.

ಮೊದಲ ವಾಚನದಲ್ಲೇ ಇದು ಬಯಲಾಗುತ್ತದೆ. ಆಗ ಸೂತ್ರಧಾರನ ನೇಮಕವಾಗುತ್ತದೆ. ‘ಅವಳ ಎದೆಯಲ್ಲಿ ಹನ್ನೊಂದು ವರ್ಷದ ಮುನಿಸು ಕುದಿಯುತ್ತಿತ್ತು’ ಎಂದು ಅವನು ಹೇಳುತ್ತಾನೆ. ಹೇಳಿ ಮುಗಿಯುವವರೆಗೆ ನಟಿ ಬಸ್ಸಿಗೆ ಕಾಯುವವಳಂತೆ ನಿಂತಿರುತ್ತಾಳೆ. ಕುದಿಯುವ ಕೆಲಸವನ್ನು ಬೇರೆಯವರು ವಹಿಸಿಕೊಂಡ ಮೇಲೆ ಅವಳಾದರೂ ಏನು ಮಾಡಿಯಾಳು? ‘ಅವಳು ಎದ್ದು ಕಿಟಕಿಯ ಬಳಿ ಹೋದಳು’ ಅನ್ನುತ್ತಾನೆ. ಅವಳು ಎದ್ದು ಕಿಟಕಿಯ ಬಳಿ ಹೋಗುತ್ತಾಳೆ. ಹಿಂದಿನ ಸಾಲಿನವರಿಗೂ ಕಾಣಿಸಿರುತ್ತದೆ.

ಬಾಗಿಲು ತೆಗೆದವಳು ಚಿಲಕದ ಮೇಲಿನ ಕೈ ತೆಗೆಯದೆ ಐದು ಸೆಕೆಂಡು ಹಾಗೇ ನಿಂತು, ಆಮೇಲೆ ‘ಬಂದ್ಯಾ?’ ಎಂದರೆ ಮೂರೂ ಪುಟ ಸಲ್ಲುತ್ತವೆ. ಆದರೆ ಚಿಲಕ ಮೂಲದಲ್ಲಿಲ್ಲ. ಆಯೋಜಕರ ಸಮಿತಿ ಒಪ್ಪುವುದಿಲ್ಲ.

41 ಅಧ್ಯಾಯವಿದ್ದರೆ 41 ದೃಶ್ಯ, ಅದೂ ನಿಷ್ಠೆಯ ಒಂದಂಶ. ಎರಡು ದೃಶ್ಯಗಳ ನಡುವೆ ಲೈಟ್ ಆಫ್ ಮಾಡಿ ಮಂಚ ಎಳೆದು ಕುರ್ಚಿ ಇಡಲು 20 ಸೆಕೆಂಡು ಹಿಡಿಯಿರಿ. ನಲವತ್ತು ಸಲಕ್ಕೆ 800 ಸೆಕೆಂಡು. 13 ನಿಮಿಷಕ್ಕೂ ಹೆಚ್ಚು ಕಾಲ ಜನ ದುಡ್ಡು ಕೊಟ್ಟು ಕತ್ತಲೆ ನೋಡುತ್ತಾರೆ. ಮಂಚ ಎಳೆಯುವ ಸದ್ದಿಗೆ ಮೂಲಕೃತಿಯಲ್ಲಿ ಆಧಾರವಿದೆಯೇ ಎಂದು ಯಾರೂ ಕೇಳಿದಂತಿಲ್ಲ.

ಇನ್ನು ಜನಸಂಖ್ಯೆ. ಪಾತ್ರ 63, ನಟರು 12. ದೃಶ್ಯಗಳನ್ನು ಅಡ್ಡಕ್ಕೆ, ಪಾತ್ರಗಳನ್ನು ಉದ್ದಕ್ಕೆ ಬರೆದು ಯಾರು ಎಲ್ಲಿ ಬರುತ್ತಾರೆಂದು ಗೀಟು ಹಾಕುವ ಒಂದು ಹಾಳೆ ಇದೆ. ಸ್ಕ್ರಿಪ್ಟ್ ಬರೆಯುವಾಗಲೇ ಅದನ್ನು ಮಾಡಬೇಕು. ಮಾಡದಿದ್ದರೆ ಕೊನೆಯ ವಾರದ ತಾಲೀಮಿನಲ್ಲಿ, 14ನೇ ದೃಶ್ಯದಲ್ಲಿ ಸತ್ತ ಅಜ್ಜಿಯೇ 15ನೇ ದೃಶ್ಯದಲ್ಲಿ ಆ ಸಾವಿನ ತನಿಖೆಗೆ ಬರುವ ಇನ್ಸ್‌ಪೆಕ್ಟರ್ ಎಂಬುದು ಗೊತ್ತಾಗುತ್ತದೆ. ಸೀರೆ ಬಿಚ್ಚಿ, ಕೃತಕ ಕೂದಲಿನ ಟೋಪನ್ ಕಿತ್ತು, ಮೀಸೆ ಅಂಟಿಸಲು ಎರಡು ನಿಮಿಷವಾದರೂ ಬೇಕು. ಮತ್ತೆ ಸೂತ್ರಧಾರ ಬಂದು ಎರಡು ನಿಮಿಷ ಮಳೆಯನ್ನು ವರ್ಣಿಸುತ್ತಾನೆ. ‘ಪ್ರಕೃತಿವರ್ಣನೆಯನ್ನು ಉಳಿಸಿಕೊಂಡ ನಿರ್ದೇಶಕರ ಕಾವ್ಯಪ್ರಜ್ಞೆ’ ಎಂದು ಮರುದಿನ ವಿಮರ್ಶೆ ಬರುತ್ತದೆ. ಒಳಗೆ ಒಣಗುತ್ತಿದ್ದದ್ದು ಮೀಸೆ ಅಂಟಿಸುವ ಸ್ಪಿರಿಟ್ ಗಮ್.

ಕಥೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರು ಚಿಕ್ಕಪ್ಪಂದಿರನ್ನು ಒಬ್ಬನಾಗಿಸಬಹುದು. ಅವರಿಬ್ಬರೂ ಎದುರುಬದುರಾಗಿ ಜಗಳವಾಡುವ ದೃಶ್ಯ ಇಲ್ಲದಿದ್ದರೆ ಸಾಕು. ಹಾಗೆ ಮಾಡಿದ ರಾತ್ರಿಯೇ ಪ್ರೇಕ್ಷಕರೊಬ್ಬರು ರಂಗದ ಪಕ್ಕದ ವಿಂಗ್ ಹತ್ತಿರ ಬಂದು ‘ಎರಡನೇ ಚಿಕ್ಕಪ್ಪ ಎಲ್ಲಿ?’ ಎಂದು ಗದರುತ್ತಾರೆ. ಅವರ ಮನೆಯ ಪ್ರತಿಯಲ್ಲಿ ಪುಟಗುರುತು 90ನೇ ಪುಟದಲ್ಲೇ ಇರುತ್ತದೆ.

ಪರಮ ನಿಷ್ಠೆಯ ದಾಖಲೆಯೊಂದು ಲಂಡನ್ನಿನಲ್ಲಿದೆ. ‘ಡ್ರಾಕುಲಾ’ ಪುಸ್ತಕ ಅಂಗಡಿಗೆ ಬರುವ ಕೆಲವೇ ದಿನ ಮೊದಲು, 1897ರ ಮೇ 18ರಂದು, ನಾಟಕದ ಹಕ್ಕು ಕೈತಪ್ಪದಿರಲೆಂದು ಲೇಖಕ ಬ್ರಾಮ್ ಸ್ಟೋಕರ್ ತಾನೇ ಅದನ್ನು ಲೈಸಿಯಂ ಥಿಯೇಟರಿನಲ್ಲಿ ಓದಿಸಿದ. ಅಚ್ಚಿನ ಕರಡನ್ನೇ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ್ದ ಸ್ಕ್ರಿಪ್ಟು. ಐದು ಅಂಕ, ನಲವತ್ತಕ್ಕೂ ಹೆಚ್ಚು ದೃಶ್ಯ, ನಾಲ್ಕು ಗಂಟೆಗೂ ಮೀರಿದ ವಾಚನ. ಲೇಖಕನಿಗಿಂತ ನಿಷ್ಠರು ಎಲ್ಲಿ ಸಿಗಬೇಕು? ಅವನು ಬದುಕಿರುವವರೆಗೆ ಅದು ಮತ್ತೆ ರಂಗ ಹತ್ತಲಿಲ್ಲ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಎಂಬ ನಟ ದೂರದ ಕೋಟೆಯ ಭಾಗವನ್ನೇ ಎತ್ತಿಹಾಕಿ ಕಥೆಯನ್ನು ಲಂಡನ್ನಿನ ಮನೆಯೊಳಗೆ ಕೂರಿಸಿದ. ನಾಟಕ ವರ್ಷಗಟ್ಟಲೆ ಓಡಿತು. ಡ್ರಾಕುಲಾನ ಎತ್ತರದ ಕಾಲರಿನ ನಿಲುವಂಗಿಯೂ ಆ ಕಾಲದ ರಂಗದ್ದೇ. ಬೆನ್ನು ತಿರುಗಿಸಿ ನಿಂತರೆ ಕಾಲರಿನ ಮರೆಯಲ್ಲಿ ತಲೆ ಕಾಣದು. ನಟ ನೆಲದ ಕಿಂಡಿಯಿಂದ ಇಳಿದು ಮಾಯವಾಗಬಹುದು. ಈಗ ಆ ಕಾಲರಿಲ್ಲದೆ ಡ್ರಾಕುಲಾನನ್ನು ತಂದು ನೋಡಿ: ‘ಇದು ಮೂಲಕ್ಕೆ ನಿಷ್ಠವಾಗಿಲ್ಲ’ ಅನ್ನುವವರು ಮೊದಲ ಸಾಲಿನಲ್ಲೇ ಕೂತಿರುತ್ತಾರೆ.

ತನ್ನ ಕಾದಂಬರಿಯ ರಂಗರೂಪ ನೋಡುವ ಲೇಖಕನ ಪಾಡಿಗೂ ದಾಖಲೆಯಿದೆ. 1838ರಲ್ಲಿ ಸರ್ರೆ ಥಿಯೇಟರಿನಲ್ಲಿ ‘ಆಲಿವರ್ ಟ್ವಿಸ್ಟ್’ ನಡೆಯುತ್ತಿದ್ದಾಗ ಚಾರ್ಲ್ಸ್ ಡಿಕನ್ಸ್ ಮೊದಲ ದೃಶ್ಯದ ನಡುವೆಯೇ ತಾನು ಕೂತಿದ್ದ ಬಾಕ್ಸಿನ (ಪ್ರೇಕ್ಷಕರ ಪ್ರತ್ಯೇಕ ಕೋಣೆಯ) ಮೂಲೆಯಲ್ಲಿ ನೆಲದ ಮೇಲೆ ಮಲಗಿಬಿಟ್ಟ, ಪರದೆ ಬೀಳುವವರೆಗೂ ಏಳಲಿಲ್ಲ ಎಂದು ಅವನ ಗೆಳೆಯ ಜಾನ್ ಫಾರ್ಸ್ಟರ್ ಬರೆದಿದ್ದಾನೆ. ಇಂದಿನ ಸಭಾಂಗಣಗಳಲ್ಲಿ ಸೀಟಿನ ಸಾಲುಗಳ ನಡುವೆ ಅಷ್ಟು ಜಾಗ ಬಿಡುವುದಿಲ್ಲ.