ಸತ್ಯಾಂಶ: ಜ್ವರ ಬಂದ್ರೆ ಸ್ಟೆರಾಯ್ಡ್ ಮಾತ್ರೆ ನಿಲ್ಲಿಸಬೇಕಾ?

ಮಳೆಗಾಲ ಶುರುವಾದರೆ ತೀರ್ಥಹಳ್ಳಿ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: "ಮಕ್ಕಳಿಗೆ ಜ್ವರ ಬಂದರೆ ಸ್ಟೆರಾಯ್ಡ್ ಮಾತ್ರೆ ನಿಲ್ಲಿಸಿ, ಕಷಾಯ ಕೊಡಿ."

ನಿಲ್ಲಿಸಬೇಡಿ. ಅಡ್ರಿನಲ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಗುವಿಗೆ ಇದು ಪ್ರಾಣಕ್ಕೇ ಕುತ್ತು. ಕಿಡ್ನಿ ಮೇಲೆ ಕೂತಿರುವ ಈ ಪುಟ್ಟ ಗ್ರಂಥಿ, ಕಾಯಿಲೆ ತಡೆದುಕೊಳ್ಳಲು ಮೈಗೆ ಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ತಯಾರಿಸುತ್ತದೆ. ನಮಗೆ ಜ್ವರ ಬಂದರೆ ಕಾರ್ಟಿಸಾಲ್ ತಾನಾಗಿಯೇ ಜಾಸ್ತಿಯಾಗುತ್ತದೆ, ಈ ಮಗುವಿಗೆ ಆಗುವುದಿಲ್ಲ. ಅದಕ್ಕೇ ಕಾರ್ಟಿಸಾಲ್ ಬದಲಿಗೆ ಸಾಮಾನ್ಯವಾಗಿ ದಿನಕ್ಕೆ 3 ಸಲ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ ಕೊಡುತ್ತಾರೆ; ಮಾತ್ರೆಯ ಕಾಲು ಭಾಗ ಮುರಿದು ಚಮಚದಲ್ಲಿ ಪುಡಿ ಮಾಡಿ ಕೊಡುವ ಅಮ್ಮಂದಿರಿಗೆ ಇದು ಗೊತ್ತು. ಜಿಮ್‌ನವರ ಸ್ಟೆರಾಯ್ಡ್ ಬೇರೆಯೇ, ಹೆಸರು ಕೇಳಿ ಸುಮ್ನೆ ಹೆದರುವುದು. ಹಾಗಂತ ಹುಷಾರಾಗಿದ್ದಾಗಲೂ ಜಾಸ್ತಿ ಕೊಟ್ಟರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡೋಸ್ ಸಾಮಾನ್ಯವಾಗಿ 2-3 ಪಟ್ಟು ಆಗಬೇಕು. ನಿಮ್ಮ ಮಗುವಿಗೆ ಎಷ್ಟು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಜ್ವರ ಬಿಟ್ಟ ಮೇಲೆ ಮತ್ತೆ ಹಳೇ ಡೋಸ್. ಕಷಾಯ ಬೇಕಾದರೆ ಜೊತೆಗೆ ಕುಡಿಸಿ, ಅಜ್ಜಿಗೂ ಸಮಾಧಾನ.

ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಇಲ್ಲವೇ ಮಗು ಮಂಕಾಗಿ ತೂಕಡಿಸುತ್ತಿದ್ದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ನೇ ಬೇಕು. ಆಗುಂಬೆ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಶಿವಮೊಗ್ಗ ತಲುಪುವುದು ಯಾವಾಗ, ಅಲ್ವಾ? ಅದಕ್ಕೇ ಡಾಕ್ಟರನ್ನು ಕೇಳಿ ಇಂಜೆಕ್ಷನ್ ಮನೆಯಲ್ಲಿಟ್ಟಿರಿ, ಚುಚ್ಚುವುದನ್ನು ಇಬ್ಬರಾದರೂ ಕಲಿತಿರಿ, ಕೊಟ್ಟ ಕೂಡಲೇ ಆಸ್ಪತ್ರೆಗೆ ಹೊರಡಿ.