75 ಮಿಲಿಮೀಟರ್‌ಗೆ ಮಾನ ಹೋಯ್ತು

75 ಮಿಲಿಮೀಟರ್. ನಾಲ್ಕು ಬೆರಳು ಜೋಡ್ಸಿ ಇಟ್ರೆ ಎಷ್ಟಾಗುತ್ತೋ ಅಷ್ಟೇ ಕಣ್ರೀ. ಅಷ್ಟಕ್ಕೆ ನೀರಿನ ಕಂಪನಿ ಇನ್ಸ್‌ಪೆಕ್ಟರ್ ಟ್ಯಾಬ್ಲೆಟ್‌ನಲ್ಲಿ ಫೇಲ್ ಅಂತ ಒತ್ತಿ ವ್ಯಾನ್ ಹತ್ತಿ ಹೊರಟೋದ. ಬಂದಿದ್ದು ಹನ್ನೊಂದೂ ಕಾಲಿಗೆ, ಹೋಗಿದ್ದು ಹನ್ನೊಂದೂ ಇಪ್ಪತ್ತೆರಡಕ್ಕೆ. ಹೊಸ ನೀರಿನ ಪೈಪು ಹಾಕೋಕೆ ಅಂತ ನಾನು ಆ ಗುಂಡಿ ತೋಡಿದ್ದು ಮೂರು ವೀಕೆಂಡು. ಈಗ ರಾತ್ರಿ ಒಂದೂವರೆ, ಮನೆಯವರೆಲ್ಲ ಮಲಗಿದಾರೆ, ನಾನು ಮಾತ್ರ ಅಡುಗೆಮನೇಲಿ ಕೂತು ಅಂಗೈ ಬೊಬ್ಬೆ ನೋಡ್ಕೊಂಡು ಇದನ್ನ ಟೈಪ್ ಮಾಡ್ತಿದೀನಿ.

ಊರಿನವರಿಗೆ ಹೇಳಿದ್ರೆ ಅರ್ಥನೇ ಆಗಲ್ಲ. ನಮ್ಮ ಅರಸೀಕೆರೆ ಮನೇಲಿ ಜಿಐ ಪೈಪು ತುಕ್ಕು ಹಿಡಿದು ನಲ್ಲೀಲಿ ಕೆಂಪು ನೀರು ಬರೋದು, ಅಮ್ಮ ನಲ್ಲಿ ಮೂತಿಗೆ ಬಿಳಿ ಬಟ್ಟೆ ಕಟ್ಟೋಳು, ಮುಗೀತು. ಇಲ್ಲಿ ಇಂಗ್ಲೆಂಡಲ್ಲಿ 1970ಕ್ಕಿಂತ ಹಳೇ ಮನೆ ಅಂದ್ರೆ ನೆಲದೊಳಗೆ ಸೀಸದ ಪೈಪ್ ಇರಬಹುದು ಅಂತ ಲೆಕ್ಕ, ನಮ್ಮದೋ ವಿಕ್ಟೋರಿಯಾ ರಾಣಿ ಕಾಲದ್ದು. ಸಿಂಕ್ ಕೆಳಗೆ ತಲೆ ತೂರಿಸಿ ನೋಡಿದ್ರೆ ಮಂಕು ಬೂದಿ ಬಣ್ಣದ ಪೈಪು, ಜಾಯಿಂಟ್ ಹತ್ರ ಕಪ್ಪೆ ನುಂಗಿದ ಹಾವಿನ ಹೊಟ್ಟೆ ಥರ ಊದ್ಕೊಂಡಿದೆ, ಪೆನ್ನಿ ನಾಣ್ಯದಲ್ಲಿ ಕೆರೆದ್ರೆ ಬೆಳ್ಳಿ ಹಾಗೆ ಫಳಫಳ, ಅಂದ್ರೆ ಸೀಸನೇ. ಬೆಳ್ಳಿ ಕಂಡು ಎದೆ ಧಸಕ್ ಅಂದಿದ್ದು ಅದೇ ಮೊದಲು. ನೀರು ಟೆಸ್ಟ್ ಮಾಡ್ಸಿದ್ರೆ ಲೀಟರಿಗೆ 14 ಮೈಕ್ರೋಗ್ರಾಂ ಸೀಸ. ಲಿಮಿಟ್ 10. 2013ರ ಡಿಸೆಂಬರ್‌ವರೆಗೂ ಲಿಮಿಟ್ 25 ಇತ್ತಂತೆ, ಅಂದ್ರೆ ಆವಾಗ ಈ ಮನೆ ತಗೊಂಡಿದ್ರೆ ನಾನು ಆರಾಮಾಗಿ ಪಾಸ್. ಪಾಪು ಗತಿ ಏನಾಗ್ತಿತ್ತೋ ಬೇರೆ ವಿಷಯ. ಎಷ್ಟು ಕಮ್ಮಿ ಇದ್ರೂ ಸೇಫ್ ಅನ್ನೋ ಹಾಗಿಲ್ಲ ಅಂತಾರೆ, ಅದರಲ್ಲೂ ಮಕ್ಕಳಿಗೆ.

ರಸ್ತೆಯಿಂದ ಫುಟ್‌ಪಾತಲ್ಲಿ ನೀರು ನಿಲ್ಲಿಸೋ ಸ್ಟಾಪ್ ಟ್ಯಾಪ್‌ವರೆಗೆ ಪೈಪು ನೀರಿನ ಕಂಪನಿಯವರದು, ಅಲ್ಲಿಂದ ನಮ್ಮ ಅಡುಗೆಮನೆವರೆಗೆ ನಂದು. ನಂದು ನಾನು ಬದಲಾಯಿಸಿದ್ರೆ ಅವರದು ಅವರು ಫ್ರೀಯಾಗಿ ಬದಲಾಯಿಸ್ತಾರೆ. ಪ್ಲಂಬರ್ ಕರೆದ್ರೆ 2,800 ಪೌಂಡ್ ಅಂದ. ನಾನು ಈ ಬುದ್ಧಿ ಯಾವಾಗ ಬಿಡ್ತೀನೋ, ತಕ್ಷಣ ರೂಪಾಯಿಗೆ ಗುಣಿಸಿದೆ. ಮೂರು ಲಕ್ಷ! ಆರು ಮೀಟರ್ ಅಂಗಳಕ್ಕೆ! ಇವಳು "ರೀ ಸುಮ್ನೆ ಕೊಟ್ಬಿಡಿ" ಅಂದ್ಲು. ನಾನು ಬಿಇ ಸಿವಿಲ್ ಓದಿದವನು, ಗುಂಡಿ ತೋಡೋಕೂ ಬರಲ್ವಾ ಅಂದೆ. ಅಂದೆ. ನಾನೇ ಅಂದಿದ್ದು.

ರೂಲ್ ಪ್ರಕಾರ ಪೈಪು 750 ಮಿಲಿಮೀಟರ್ ಆಳದಲ್ಲಿರಬೇಕು. ತೋಡಿದೆ. ಈ ಜೇಡಿಮಣ್ಣು ಗುದ್ದಲಿಗೆ ಅಂಟ್ಕೊಂಡ್ರೆ ಕೈಯಲ್ಲೇ ಬಿಡಿಸಬೇಕು, ಸಲ್ಪ ಮಳೆ ಬಂದ್ರೆ ಗುಂಡಿ ತುಂಬ ನೀರು, ಬಕೆಟಲ್ಲಿ ಮೊಗೆದು ಹಾಕು, ಮತ್ತೆ ತೋಡು. ಪೋಸ್ಟ್‌ಮ್ಯಾನ್ "ಹೆಣ ಹೂಳ್ತಿದೀಯಾ" ಅಂತ ಜೋಕ್ ಮಾಡ್ದ. ಕೆಳಗೆ ಚೆನ್ನಾಗಿ ಐವತ್ತು ಮಿಲಿಮೀಟರ್ ಮರಳು ಹಾಸಿ, ಇಪ್ಪತ್ತೈದು ಮಿಲಿಮೀಟರ್ ದಪ್ಪದ ನೀಲಿ ಪೈಪು ಮಲಗಿಸಿದೆ. ಮುಚ್ಚೋ ಹಾಗಿಲ್ಲ, ಇನ್ಸ್‌ಪೆಕ್ಟರ್ ಬಂದು ನೋಡಿ ಓಕೆ ಅನ್ನೋವರೆಗೂ ಗುಂಡಿ ತೆರೆದೇ ಇರಬೇಕು.

ಇವತ್ತು ಅವನು ಬಂದ. ನಾನು ಏನು ಮಾಡಿದೆ ಗೊತ್ತಾ, ಅಪ್ಪಂಗೆ ವೀಡಿಯೋ ಕಾಲ್ ಹಚ್ಚಿ ಫೋನನ್ನ ಹೂಕುಂಡಕ್ಕೆ ಒರಗಿಸಿ ಇಟ್ಟೆ. ನೋಡಪ್ಪ ಮಗ ಪಾಸಾಗೋದನ್ನ ಅಂತ. ಇನ್ಸ್‌ಪೆಕ್ಟರ್ ಮಂಡಿಯೂರಿ ಟೇಪ್ ಇಳಿಸ್ದ. ನಾನು ಎದೆ ಉಬ್ಬಿಸ್ಕೊಂಡು "750" ಅಂದೆ. ಅವನು ತಲೆ ಎತ್ತದೆ "675" ಅಂದ. ಇಲ್ಲ ಇಲ್ಲ ಅಂತ ನಾನೇ ನನ್ನ ಟೇಪ್ ತಗೊಂಡು ಗುಂಡಿ ತಳಕ್ಕೆ ಇಟ್ಟು ತೋರಿಸಿದೆ, ನೋಡು, 750. ಅವನು ಒಂದು ನಿಮಿಷ ನನ್ನ ಮುಖ ನೋಡಿ, ಸ್ಕೂಲ್ ಹುಡುಗಂಗೆ ಹೇಳೋ ಹಾಗೆ ಮೆತ್ತಗೆ, "ಪೈಪಿನ ನೆತ್ತಿವರೆಗೆ ಅಳೀಬೇಕು ಮೇಟ್, ಗುಂಡಿ ತಳಕ್ಕಲ್ಲ" ಅಂದ. ಮರಳು ಐವತ್ತು, ಪೈಪು ಇಪ್ಪತ್ತೈದು. ಕೂಡಿಸಿ ನೀವೇ. ನಾನು ಅಲ್ಲೇ ಕೂಡಿಸಿದೆ, ಟೇಪ್ ಹಿಡ್ಕೊಂಡು, ಬಗ್ಗಿಕೊಂಡು.

ಆಮೇಲೆ ಫೇಲ್ ಅಂದ. ಆ ಪದ ಎರಡೂ ಭಾಷೇಲಿ ಒಂದೇ ನೋಡಿ. ಹೂಕುಂಡದಿಂದ ಅಪ್ಪ, ತೋಟದಲ್ಲಿ ಮೋಟರ್ ಆಫ್ ಮಾಡೋ ಅಂತ ಕೂಗೋ ಗಂಟಲಲ್ಲಿ, "ಫೇಲಾ? ಅಲ್ಲ ಕಣೋ, ನೀನು ಸಿವಿಲ್ ಓದಿದ್ದಲ್ವೇನೋ?" ಪಕ್ಕದ ಮನೆ ಅಜ್ಜಿ ಟೀ ಕಪ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಎಪ್ಪತ್ತು ವರ್ಷದಿಂದ ಇದೇ ನೀರು ಕುಡೀತಿದೀನಿ ನಂಗೇನೂ ಆಗಿಲ್ಲ ಅಂತ ಮೊದಲ ದಿನದಿಂದ ಹೇಳ್ತಾನೇ ಇರೋಳು. ಇನ್ಸ್‌ಪೆಕ್ಟರ್ ಫೋನ್ ಕಡೆ ಕೈ ಬೀಸಿ, ನಿಮ್ಮಪ್ಪನಾ, ಏನಂತಾರೆ ಅಂತ ಕೇಳ್ದ. ಚೆನ್ನಾಗಿ ತೋಡಿದೀಯ ಅಂತಿದಾರೆ ಅಂತ ಹೇಳಿದೆ. ಏನ್ ಹೇಳ್ಲಿ ಮತ್ತೆ?

ಅವನದೇನು ತಪ್ಪಿಲ್ಲ, ಗೊತ್ತು. ಹಿಮ ಬಿದ್ದಾಗ ಪೈಪು ಹೆಪ್ಪುಗಟ್ಟಬಾರದು, ತೋಟ ಅಗೆಯೋರ ಗುದ್ದಲಿ ತಾಗಬಾರದು, ಅದಕ್ಕೇ ಆ ಆಳ. ಒಪ್ಕೊಂಡೆ. ಆದ್ರೆ ಅವನು ಹೋದ್ಮೇಲೆ ನಾನು ಫುಟ್‌ಪಾತಿನ ಮುಚ್ಚಳ ತೆಗೆದು ಅವರ ಸೀಸದ ಪೈಪು ಎಷ್ಟು ಆಳದಲ್ಲಿದೆ ಅಂತ ಅಳೆದೆ. ನೆತ್ತಿವರೆಗೇ ಅಳೆದೆ! 600 ಕೂಡ ಇಲ್ಲ! ಫೋನ್ ಮಾಡಿ ಕೇಳಿದ್ರೆ ಅದು ಹಳೇದು ಸರ್, ಹೊಸದಕ್ಕೆ ಮಾತ್ರ ರೂಲ್ ಅಂತೆ. ಅಲ್ರೀ, ಸೀಸ ಇರೋ ಪೈಪು ಮೇಲಿದ್ರೆ ಪರವಾಗಿಲ್ಲ, ಸೀಸ ಇಲ್ಲದ ಪೈಪು ನಾಲ್ಕು ಬೆರಳು ಮೇಲಿದ್ರೆ ತಪ್ಪು, ಇದು ಯಾವ ನ್ಯಾಯ? ಯಾರಾದ್ರೂ ಉತ್ತರ ಹೇಳ್ರಪ್ಪ. ಮುಂದಿನ ಇನ್ಸ್‌ಪೆಕ್ಷನ್ ಮೂರು ವಾರ ಆದ್ಮೇಲೆ. ಅದು ಪಾಸಾದ ಮೇಲೆ ಅವರ ಕಡೆ ಕೆಲಸಕ್ಕೆ ಬೇರೆ ಕ್ಯೂ.

ಅಲ್ಲಿವರೆಗೆ ದಿನಾ ಬೆಳಗ್ಗೆ, ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರನ್ನ ಒಂದು ಬೇಸಿನ್ ತುಂಬ ಹಿಡಿದು ಆಚೆ ಹಾಕ್ಬೇಕು. ವಾರಕ್ಕೆರಡು ಸಲ ನೀರು ಬರೋ ಊರಲ್ಲಿ ಬೆಳೆದವನಿಗೆ ಈ ಚೆಲ್ಲೋದಿದೆಯಲ್ಲ, ಹೊಟ್ಟೆ ಉರಿಯುತ್ತೆ. ಅಮ್ಮ ಕಾಯಿಸಿ ಆರಿಸಿ ಕುಡೀರಿ ಅಂತಾಳೆ, ಕಾಯಿಸಿದ್ರೆ ಸೀಸ ಹೋಗಲ್ಲಮ್ಮ, ನೀರು ಆವಿಯಾಗಿ ಸೀಸದ ಪಾಲು ಇನ್ನೂ ಜಾಸ್ತಿಯಾಗುತ್ತೆ ಅಂದೆ. ಹಾಗಾದ್ರೆ ಹಿತ್ತಾಳೆ ಪಾತ್ರೆಗೆ ಮಾಡಿಸೋ ಹಾಗೆ ಒಳಗಡೆ ಕಲಾಯಿ ಹಾಕ್ಸೋಕಾಗಲ್ವಾ ಅಂದ್ಲು. ನಾನು ನಕ್ಕೆ. ಆಮೇಲೆ ನೋಡಿದ್ರೆ ನೀರಿನ ಕಂಪನಿಯವರು ನೀರಿಗೆ ಫಾಸ್ಫೇಟ್ ಬೆರೆಸ್ತಾರಂತೆ, ಅದು ಪೈಪಿನ ಒಳಗೋಡೆಗೆ ಪದರ ಕಟ್ಕೊಂಡು ಸೀಸ ಬಿಡದ ಹಾಗೆ ತಡೆಯುತ್ತಂತೆ. ಕಲಾಯಿನೇ ಅಲ್ವಾ ಅದು! ಏಳನೇ ಕ್ಲಾಸ್ ಓದಿದ ಅಮ್ಮಂಗೆ ಹೊಳೆದಿದ್ದು ನಂಗೆ ಹೊಳೀಲಿಲ್ಲ.

ಇನ್ನು ತೋಡಲ್ಲ. ನಾಳೆ ಆ ಪ್ಲಂಬರ್‌ಗೇ ಫೋನ್ ಮಾಡ್ತೀನಿ, ಮೂರು ಲಕ್ಷ ಹೋದ್ರೆ ಹೋಗ್ಲಿ. ಆದ್ರೂ ಆರು ಮೀಟರಿಗೆ ಬರೀ ನಾಲ್ಕು ಬೆರಳು, ಶನಿವಾರ ಒಂದೇ ದಿನ ಸಾಕೇನೋ. ಪೈಪು ಎತ್ತಿಡಬೇಕು, ಮರಳೆಲ್ಲ ಬಾಚಬೇಕು, ಥೂ.

ಅಯ್ಯೋ ಮಳೆ ಶುರುವಾಯ್ತು. ಟಾರ್ಪಾಲ್ ಒಳಗೇ ಇದೆ. ಇರಿ ಬಂದೆ.