ಹೊಲಿಗೆ ಒಣಗಿತು, ಆದರೆ ಒಳಗೆ?

ನಮ್ಮ ಬಾಗಲಕೋಟೆ ಕಡೆ ಹೊಟ್ಟೆ ಆಪರೇಷನ್ ಆದವರನ್ನು ಮಾತಾಡಿಸಲು ಹೋದವರೆಲ್ಲ ಕೇಳೋದು ಒಂದೇ, ಹೊಲಿಗೆ ಒಣಗಿತಾ ಅಂತ. ಬದನೆಕಾಯಿ ನಂಜು, ಮುಟ್ಟಬೇಡ ಅಂತ ಹೇಳಿ ಬರುತ್ತಾರೆ. ಒಳಗಿನ ಗಾಯದ ಬಗ್ಗೆ ಮಾತೇ ಇಲ್ಲ.

ನಮ್ಮ ಅತ್ತಿಗೆಗೆ ಗರ್ಭಕೋಶ ತೆಗೆದು ಎಷ್ಟೋ ವರ್ಷವಾಗಿತ್ತು. ಒಂದು ರಾತ್ರಿ ಹೊಟ್ಟೆ ಹಿಂಡಿ ಹಿಂಡಿ ನೋವು. ಕುಡಿದ ನೀರೂ ವಾಂತಿ. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಗ್ಯಾಸ್ ಇರಬೇಕು ಅಂತ ಮನೆಯವರು ಅಜವಾನದ ನೀರು ಕೊಟ್ಟರು. ಬೆಳಗ್ಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು, ಹಳೇ ಆಪರೇಷನ್ ಜಾಗದಲ್ಲಿ ಕರುಳು ಅಂಟಿಕೊಂಡು ದಾರಿ ಕಟ್ಟಿದೆ. ಮೂಗಿನಿಂದ ನಳಿಕೆ ಇಳಿಸಿ, ಸಲೈನ್ ಹಚ್ಚಿ ಕಾದರು. ಪುಣ್ಯಕ್ಕೆ ಮತ್ತೆ ಕೊಯ್ಯದೆಯೇ ಆ ಕಟ್ಟು ಬಿಟ್ಟಿತು. ಹೀಗಾಗಬಹುದು ಅಂತ ಮೊದಲ ಆಪರೇಷನ್ ದಿನ ಅವರಿಗೆ ಯಾರೂ ಹೇಳಿರಲಿಲ್ಲ.

ಕರುಳಿನ ಮೇಲೆ, ಹೊಟ್ಟೆಯ ಒಳಗೋಡೆಗೆ ತೆಳ್ಳನೆ ನುಣುಪು ಪೊರೆ ಇರುತ್ತದೆ. ಕೊಯ್ದಾಗ, ಉಜ್ಜಿದಾಗ, ಒಣಗಿದಾಗ ಅದಕ್ಕೆ ಗಾಯವಾಗಿ ಫೈಬ್ರಿನ್ ಅನ್ನೋ ಅಂಟು ಒಸರುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅದು ಕರಗುತ್ತದೆ. ಕರಗದಿದ್ದರೆ ಗಟ್ಟಿ ಎಳೆಯಾಗಿ ಉಳಿದು, ಕರುಳನ್ನು ಅಕ್ಕಪಕ್ಕಕ್ಕೆ ಅಂಟಿಸಿಬಿಡುತ್ತದೆ. ಹೊಟ್ಟೆ ತೆರೆದು ಆಪರೇಷನ್ ಆದ ಬಹುತೇಕರಲ್ಲಿ ಇದು ಒಂದಿಷ್ಟು ಇರುತ್ತದೆ, ಹೆಚ್ಚಿನವರಿಗೆ ತೊಂದರೆ ಕೊಡಲ್ಲ. ಕೊಟ್ಟರೆ ಮಾತ್ರ ಕರುಳು ಕಟ್ಟುತ್ತದೆ, ಕೆಲವು ಹೆಂಗಸರಿಗೆ ಗರ್ಭ ನಿಲ್ಲುವುದೂ ಕಷ್ಟವಾಗುತ್ತದೆ.

ಇದನ್ನು ತಡೆಯೋದು ಪಥ್ಯದಿಂದಲ್ಲ, ಹೊಟ್ಟೆಗೆ ಕಟ್ಟುವ ಬೆಲ್ಟ್‌ನಿಂದಲೂ ಅಲ್ಲ. ಥಿಯೇಟರ್ ಒಳಗೆ, ಸರ್ಜನ್ ಕೈಯಲ್ಲಿದೆ. ಆಗುವಂಥದ್ದಾದರೆ ಹೊಟ್ಟೆ ಪೂರ್ತಿ ತೆರೆಯದೆ, ಸಣ್ಣ ತೂತಿನಿಂದ ದುರ್ಬೀನಿನಲ್ಲಿ (ಲ್ಯಾಪ್ರೊಸ್ಕೋಪಿ) ಮಾಡಬೇಕು. ಕರುಳನ್ನು ಒಣಗಲು ಬಿಡದೆ, ಹಗುರಾಗಿ ಹಿಡಿಯಬೇಕು. ರಕ್ತ ಸರಿಯಾಗಿ ನಿಲ್ಲಿಸಬೇಕು. ಗ್ಲೌಸ್‌ನ ಪೌಡರ್ ಕೂಡ ಒಳಗೆ ಬಿದ್ದರೆ ಅಂಟಿಗೆ ದಾರಿ. ಅಮೆರಿಕ 2017ರಲ್ಲಿ ಪೌಡರ್ ಗ್ಲೌಸ್ ನಿಷೇಧಿಸಲು ಇದೂ ಒಂದು ಕಾರಣ. ಅಂಗಗಳ ನಡುವೆ ಹಾಸುವ, ತಾನೇ ಕರಗುವ ತೆಳು ಹಾಳೆಯೂ ಇದೆ. ದುಬಾರಿ, ಎಲ್ಲರಿಗೂ ಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ತಡೆ ಅಂದರೆ ಸುಮ್ಮಸುಮ್ನೆ ಹೊಟ್ಟೆ ತೆರೆಯದಿರೋದು. ನಮ್ಮ ಕಡೆ ಬಿಳಿ ಹೋಗುತ್ತದೆ, ಮುಟ್ಟು ಜಾಸ್ತಿ ಅಂದ ಕೂಡಲೇ ಗರ್ಭಕೋಶ ತೆಗೆಸಿಬಿಡಿ ಅನ್ನೋರು ಇದ್ದಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಔಷಧಿಯಲ್ಲಿ ಹೋಗುವಂಥದ್ದಾ ಅಂತ ಇನ್ನೊಬ್ಬ ಡಾಕ್ಟರನ್ನು ಕೇಳಿ. ಆಪರೇಷನ್ ಬೇಕೇಬೇಕು ಅಂದರೆ, ಸಹಿ ಹಾಕುವ ಮೊದಲೇ ಕರುಳು ಅಂಟಿಕೊಳ್ಳದಂತೆ ಏನು ಮಾಡ್ತೀರಿ ಅಂತ ಕೇಳಿ. ಇದು ನಮ್ಮ ಹಕ್ಕು ಅಲ್ವಾ? ಡಿಸ್ಚಾರ್ಜ್ ಕಾರ್ಡಿನಲ್ಲಿ ಇದರ ಎಚ್ಚರಿಕೆಯನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಕೊಡಬೇಕು ಅನ್ನೋದು ನನ್ನ ಒತ್ತಾಯ.

ಹಿಂದೆ ಆಪರೇಷನ್ ಆದವರಿಗೆ ಹಿಂಡುವ ನೋವು, ವಾಂತಿ, ಉಬ್ಬರ, ಗಾಳಿಯೂ ಹೋಗದ ಸ್ಥಿತಿ ಬಂದರೆ ಮನೆಮದ್ದು ಬೇಡ, ಬೆಳಗಾಗುವವರೆಗೆ ಕಾಯೋದೂ ಬೇಡ. ಆಗಲೇ ಹೊರಡಿ, ಹಳೇ ಆಪರೇಷನ್ ಕಾಗದ ಜೊತೆಗಿರಲಿ.